ಬೀಡಿ ಬಿಟ್ಟವರು, ಮತ್ತೆ ಹಚ್ಚಿದವರು

ಬೀಡಿ ಬಿಡಿಸುವ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಮುಗಿಯುವುದರೊಳಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ನಿಮ್ಮ ಕೈಯಲ್ಲಿ ಎಷ್ಟು ಜನ ಬಿಟ್ಟರು ಮೇಡಂ?" ನನಗೆ ಗೊತ್ತಿಲ್ಲ. ಬಿಟ್ಟೆ ಎಂದು ಕೈಮುಗಿದು ಹೋದವನು ಸಂಡೂರಿನ ಬಸ್ಸು ಹತ್ತುವ ಮೊದಲೇ ಹಚ್ಚಿರುತ್ತಾನೆ. ಇವನಿಂದ ಆಗದು ಎಂದು ನಾನು ಆಸೆ ಬಿಟ್ಟವನು ಸದ್ದಿಲ್ಲದೆ ಬಿಟ್ಟು, ಮಗಳ ಮದುವೆಗೆ ಕರೆಯಲು ಬಂದಾಗ ಸುದ್ದಿ ಹೇಳುತ್ತಾನೆ. ಹೀಗಾಗಿ ಲೆಕ್ಕ ಕೇಳಿದವರಿಗೆ ನಾನು ತಿಪ್ಪಣ್ಣನ ಕತೆ ಹೇಳುತ್ತೇನೆ. ಅದು ಸಂತೋಷದ ಕತೆಯಲ್ಲ. ಆದರೆ ಈ ಕುರ್ಚಿಯಲ್ಲಿ ಕೂರುವವರು ಅದನ್ನು ಕೇಳಿಕೊಂಡೇ ಕೂರುವುದು ಒಳ್ಳೆಯದು.

ನಾನು ಮೊದಲು ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಕ್ಷಯರೋಗಿಗಳಿಗೆ ಮಾತ್ರೆ ಕೊಡುವ ವಿಭಾಗದಲ್ಲಿದ್ದೆ. ಆಮೇಲೆ ತಂಬಾಕು ಬಿಡಿಸುವ ಸಲಹಾ ಕೇಂದ್ರ ಶುರುವಾಗಬೇಕೆಂದು ಆದೇಶ ಬಂತು. ಮುರಿದ ಮಂಚಗಳನ್ನು ಒಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಒಂದು ಮೇಜು ಹಾಕಿ, ನನ್ನನ್ನು ಅಲ್ಲಿ ಕೂರಿಸಿದರು. ಒಂದಿಷ್ಟು ದಿನ ತರಬೇತಿಯನ್ನೂ ಕೊಟ್ಟರು. ಆಗ ನಮಗೆ ಕಲಿಸಿದ ವಿದ್ಯೆ ಹೆದರಿಸುವುದು. ಗೋಡೆಯ ತುಂಬಾ ಕಪ್ಪಾದ ಶ್ವಾಸಕೋಶ, ತೂತು ಬಿದ್ದ ಕೆನ್ನೆ, ಕೊಳೆತ ಕಾಲಿನ ಚಿತ್ರಗಳು. ಒಂದೊಂದನ್ನೂ ತೋರಿಸಿ, "ನಿನಗೂ ಹೀಗೇ ಆಗುತ್ತದೆ" ಎನ್ನಬೇಕು.

ಮೆಟ್ರಿಯ ಈರಣ್ಣ ಎಂಬ ಭತ್ತದ ಗದ್ದೆಯ ರೈತನಿಗೆ ಆ ಚಿತ್ರಗಳನ್ನೆಲ್ಲ ತೋರಿಸಿದೆ. ಮನುಷ್ಯ ಬೆವೆತು ಹೋದ. ಇವನು ಗ್ಯಾರಂಟಿ ಬಿಡುತ್ತಾನೆ ಅಂದುಕೊಂಡೆ. ಊಟಕ್ಕೆಂದು ಹೊರಗೆ ಬಂದರೆ ಗೇಟಿನ ಪಕ್ಕದ ಚಹಾದಂಗಡಿಯ ಮುಂದೆ ನಿಂತು ಭುಸಭುಸನೆ ಬೀಡಿ ಎಳೆಯುತ್ತಿದ್ದ. ನನ್ನನ್ನು ಕಂಡು ಅದನ್ನು ಹಿಂದೆ ಮರೆಮಾಡಿದ.

"ಇದೇನು ಈರಣ್ಣ, ಈಗಷ್ಟೇ ನೋಡಿಲ್ಲವೇ ನೀನು?"

"ನೋಡೀನ್ರೀ ಅಕ್ಕೋರ. ಭಾಳ ಅಂಜಿಕಿ ಆತು. ಅಂಜಿಕಿ ಆದ್ರ ನನಗ ಬೀಡೀನ ಬೇಕ್ರಿ."

ನಗು ಬಂತು. ನಕ್ಕೆ. ಆ ಮಾತಿನಲ್ಲಿ ನನ್ನ ಇಡೀ ತರಬೇತಿಗೆ ಉತ್ತರವಿತ್ತು ಎಂದು ತಿಳಿಯಲು ತಿಪ್ಪಣ್ಣ ಬರಬೇಕಾಯಿತು.

ತಿಪ್ಪಣ್ಣ ಪಾಪಿನಾಯಕನಹಳ್ಳಿಯವನು. ಸಂಡೂರಿನ ಗಣಿಗಳಿಂದ ಅದಿರು ಹೊರುವ ಟಿಪ್ಪರ್ ಓಡಿಸುತ್ತಿದ್ದ. ನಲವತ್ತರ ಆಚೀಚೆಯ ವಯಸ್ಸು, ಗಟ್ಟಿ ಆಳು, ರೆಪ್ಪೆಗೂದಲಿನಲ್ಲೂ ಕೆಂಪು ಧೂಳು. ಅವನ ಎಡಗಾಲಿನ ಕಿರುಬೆರಳು ಇದ್ದಿಲಿನ ಹಾಗೆ ಕಪ್ಪಾಗಿತ್ತು. ಬೀಡಿ ಸೇದುವ ಕೆಲವರಿಗೆ ಕಾಲಿನ ರಕ್ತನಾಳಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಬೆರಳು ತಣ್ಣಗಾಗುತ್ತದೆ, ನೋಯುತ್ತದೆ, ಆಮೇಲೆ ಸಾಯುತ್ತದೆ. ಈ ರೋಗಕ್ಕೆ ಬೀಡಿ ಬಿಡುವುದೇ ದೊಡ್ಡ ಔಷಧಿ. ಬಿಟ್ಟರೆ ಉಳಿದದ್ದು ಉಳಿಯುತ್ತದೆ. ದಿನಕ್ಕೆ ಒಂದೇ ಒಂದು ಸೇದಿದರೂ ರೋಗ ಮೇಲೆ ಹತ್ತುತ್ತದೆ. ಶಸ್ತ್ರಚಿಕಿತ್ಸೆಯ ಡಾಕ್ಟರು ಬೆರಳು ತೆಗೆದು, ಅವನನ್ನು ನನ್ನ ಕೋಣೆಗೆ ಕಳಿಸಿದರು.

ಅವನ ಹಿಂದೆ ಹೆಂಡತಿ ಹುಲಿಗೆಮ್ಮ ಬಂದಳು. ಒಳಗೆ ಕರೆದರೂ ಬರಲಿಲ್ಲ. "ಗಂಡಸ್ರ ಮಾತು, ನಾ ಯಾಕ" ಎಂದು ಗೇಟಿನ ಹತ್ತಿರ ಹೋಗಿ ಕುಳಿತಳು.

ಬೀಡಿ ಯಾವಾಗ ಬೇಕೆನಿಸುತ್ತದೆ ಎಂದು ತಿಪ್ಪಣ್ಣನನ್ನು ಕೇಳಿದೆ.

"ಕಾಟಾದ ಮುಂದ್ರಿ," ಎಂದ. ಲಾರಿಯನ್ನು ಅದಿರಿನ ಸಮೇತ ತೂಗುವ ಜಾಗವನ್ನು ಅವರು ಹಾಗೆನ್ನುತ್ತಾರೆ. "ಮುಂದ ಗಾಡಿ, ಹಿಂದ ಗಾಡಿ. ಅರ್ಧ ದಿನ ಅಲ್ಲೇ ಹೊಕ್ಕೈತಿ. ಇಳದ್ರ ನಾಕ ಮಂದಿ ನಿಂತು ಹಚ್ಚಿರ್ತಾರ. ಬ್ಯಾಡಪಾ ಅಂದ್ರ ಒಬ್ಬನ ಗಾಡ್ಯಾಗ ಕುಂದ್ರಬೇಕು ನೋಡ್ರಿ."

ಲವಂಗ ಜಗಿ, ನೀರು ಕುಡಿ, ನಾಲ್ಕು ಹೆಜ್ಜೆ ನಡೆ, ಬಯಕೆ ಎದ್ದಷ್ಟೇ ಬೇಗ ಇಳಿಯುತ್ತದೆ ಎಂದೆಲ್ಲ ಹೇಳಿಕೊಟ್ಟೆ. ನಿಕೋಟಿನ್ ಚೂಯಿಂಗ್ ಗಮ್ ಕೊಟ್ಟೆ. ಆ ಒಬ್ಬನೇ ಕೂರುವುದಕ್ಕೆ ನನ್ನ ಹತ್ತಿರ ಮದ್ದಿರಲಿಲ್ಲ. ಆದರೂ ಬಿಟ್ಟ. ಹಲ್ಲು ಕಚ್ಚಿ ಬಿಟ್ಟ. ಗಾಯ ಮಾಯಿತು. ಮತ್ತೆ ಟಿಪ್ಪರ್ ಹತ್ತಿದ.

ಆಗಿನ ನಮ್ಮ ಹಿರಿಯ ವೈದ್ಯಾಧಿಕಾರಿಗೆ ಸಂತೋಷವೋ ಸಂತೋಷ. ತಂಬಾಕು ವಿರೋಧಿ ದಿನದಂದು ತಿಪ್ಪಣ್ಣನನ್ನು ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಹಾರ ಹಾಕಿದರು. "ಇಂಥವರು ನಮಗೆ ಮಾದರಿ" ಎಂದು ಭಾಷಣ ಮಾಡಿದರು. ಹಾರ ಹಾಕಿಕೊಂಡು ನಿಂತ ಅವನ ಫೋಟೋವನ್ನು ದೊಡ್ಡದು ಮಾಡಿಸಿ ನನ್ನ ಕೋಣೆಯ ಗೋಡೆಗೆ ಹಾಕಿಸಿದರು. ಬಂದವರಿಗೆಲ್ಲ ನಾನೂ ಅದನ್ನೇ ತೋರಿಸುತ್ತಿದ್ದೆ.

ಆಮೇಲೆ ತಿಪ್ಪಣ್ಣ ಬರುವುದು ನಿಂತಿತು. ಗುಣವಾದವನು ಯಾಕೆ ಬರುತ್ತಾನೆ ಅಂದುಕೊಂಡೆವು.

ಅವನು ಮತ್ತೆ ಬಂದದ್ದು ಆಟೋದಲ್ಲಿ ಮಲಗಿಕೊಂಡು. ಎಡಪಾದ ಅರ್ಧಕ್ಕರ್ಧ ಕಪ್ಪಾಗಿತ್ತು. ವಾಸನೆಗೆ ಆಟೋದವನು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಮೊಣಕಾಲಿನ ಕೆಳಗೆ ಕತ್ತರಿಸದೆ ಬೇರೆ ದಾರಿಯಿರಲಿಲ್ಲ. ಶಸ್ತ್ರಚಿಕಿತ್ಸೆ ಆದ ಮೇಲೆ ವಾರ್ಡಿಗೆ ಹೋಗಿ ಅವನ ಮಂಚದ ಪಕ್ಕ ಕುಳಿತೆ. ಕೇಳದೆಯೇ ಹೇಳಿದ.

ಅವನ ಜೊತೆಯ ಡ್ರೈವರ್ ಒಬ್ಬನ ಲಾರಿ ಸಂಡೂರಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಉರುಳಿತ್ತು. ಶವಾಗಾರದ ಮುಂದೆ ಎಲ್ಲರೂ ಹೆಣಕ್ಕಾಗಿ ಕಾಯುತ್ತಿದ್ದರು.

"ಯಾರೋ ಕೈಯಾಗ ಬೀಡಿ ಇಟ್ರು. ಯಾರಂತ ನೋಡ್ಲಿಲ್ರಿ. ಹಚ್ಚಿದ ಮ್ಯಾಲೆ ಗೊತ್ತಾತು."

"ಒಂದೇ ಬೀಡಿ ಅಲ್ಲವೇ ತಿಪ್ಪಣ್ಣ. ಮರುದಿನವೇ ನನ್ನ ಹತ್ತಿರ ಬಂದಿದ್ದರೆ?"

"ಬಂದಿದ್ನಿರಿ. ಬಾಗಿಲ ಮಟ ಬಂದಿದ್ನಿ. ನಿಮ್ಮ ಗ್ವಾಡಿ ಮ್ಯಾಲೆ ನಾನ ನಿಂತಿದ್ನೆಲ್ರೀ, ಹಾರ ಹಾಕ್ಕೊಂಡು. ಯಾವ ಮಾರಿ ತಗೊಂಡು ಒಳಗ ಬರ್ಲಿ?"

ಅಲ್ಲಿಂದ ಎದ್ದು ಬಂದು ಫೋಟೋ ಇಳಿಸಿದೆ. ಒಂದು ವಾರದ ನಂತರ ವೈದ್ಯಾಧಿಕಾರಿಗಳು ಖಾಲಿ ಗೋಡೆ ನೋಡಿ, "ಯಾಕೆ ತೆಗೆದಿರಿ?" ಎಂದು ಕೇಳಿದರು. "ಅದರಲ್ಲಿ ಎರಡು ಕಾಲಿವೆ ಸರ್" ಎಂದೆ. ಅವರು ಕೆಟ್ಟವರಲ್ಲ. ಅದನ್ನು ಮತ್ತೆ ಹಾಕಿಸಿ ಎನ್ನಲಿಲ್ಲ.

ಇಷ್ಟಾದ ಮೇಲಾದರೂ ತಿಪ್ಪಣ್ಣ ಬಿಟ್ಟನೇ ಎಂದು ಹುಡುಗಿಯರು ಕೇಳುತ್ತಾರೆ. ಇಲ್ಲ. ಕಾಲು ಕಳೆದುಕೊಂಡವನು ಬುದ್ಧಿ ಕಲಿಯುತ್ತಾನೆ ಎನ್ನುವವರು ಈ ವಾರ್ಡುಗಳನ್ನು ನೋಡಿಲ್ಲ. ಟಿಪ್ಪರ್ ಹೋಯಿತು, ಕಾಟಾದ ಮುಂದಿನ ಜೊತೆಗಾರರು ಹೋದರು, ದಿನವಿಡೀ ಮನೆಯ ಕಟ್ಟೆಯ ಮೇಲೆ ಕೂರಬೇಕು. ಅವನ ಹತ್ತಿರ ಉಳಿದದ್ದು ಬೀಡಿ ಒಂದೇ. ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ಡ್ರೆಸ್ಸಿಂಗಿಗೆ ಬರುವಾಗ ಅಂಗಿ ಗಬ್ಬೆಂದು ಬೀಡಿಯ ವಾಸನೆ ಹೊಡೆಯುತ್ತಿತ್ತು. ಈಗ ಬಲಗಾಲಿನ ಸರದಿ ಎಂದು ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದರು.

ಆ ಹೊತ್ತಿಗೆ ಸಿಕ್ಕಿದ್ದು ಬೆಂಚು. ಅದನ್ನು ನಾನು ಕಂಡುಹಿಡಿದದ್ದಲ್ಲ. ಒಂದು ಗುರುವಾರ ಬಳ್ಳಾರಿಯಲ್ಲಿ ಮೀಟಿಂಗ್ ಇತ್ತು, ಹಿಂದಿರುಗುವುದು ತಡವಾಯಿತು. ನನಗಾಗಿ ಕಾದು ಬೇಸತ್ತ ಮೂವರು ಆಸ್ಪತ್ರೆಯಂಗಳದ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ತಿಪ್ಪಣ್ಣ, ಆಗೀಗ ಬಂದು ಹೋಗುತ್ತಿದ್ದ ಈರಣ್ಣ, ಮತ್ತು ರಾಘವೇಂದ್ರಾಚಾರ್ಯರು.

ಆಚಾರ್ಯರು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ, ಕಡ್ಡಿರಾಂಪುರದಲ್ಲಿ ಮನೆ ಕಟ್ಟಿಕೊಂಡಿದ್ದರು. ಮನೆತನ ಹಂಪಿಯ ಕಡೆಯ ಪೂಜೆಯವರದು. ನನ್ನ ಮುಂದೆ ಅವರು ತೀರಾ ಸಂಕೋಚದಿಂದ, "ಅಪರೂಪಕ್ಕೊಮ್ಮೆ ಸಿಗರೇಟು" ಎಂದಷ್ಟೇ ಹೇಳಿದ್ದರು. ಅವತ್ತು ನಾನು ಹಿಂದಿನಿಂದ ಬರುವಾಗ ಅವರ ಮಾತು ಕಿವಿಗೆ ಬಿತ್ತು.

"ಬಾಳೆ ತ್ವಾಟದ ಹಿಂದ ಬಂಡೆ ಅವ ನೋಡ್ರಿ, ಅಲ್ಲಿ ಸೇದತೀನಿ. ಹಂಗ ಮನಿಯೊಳಗ ಹೋಗೋಹಂಗಿಲ್ಲ, ದೇವರ ಮನಿ. ಸೇದಿದಾಗೊಮ್ಮೆ ಬಾವಿಗೆ ಹೋಗಿ ತಣ್ಣೀರ ಸ್ನಾನ. ದಿನಕ್ಕ ಐದು ಸಲ, ಆರು ಸಲ. ಊರ ಮಂದಿ ನನ್ನ ಮಡಿ ನೋಡಿ ಕಾಲಿಗೆ ಬೀಳತಾರ!"

ಈರಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕಾಲು ಹೋದ ಮೇಲೆ ತಿಪ್ಪಣ್ಣ ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. ನಗು ನಿಂತ ಮೇಲೆ ಅವನು ತಾನಾಗಿಯೇ, "ನಾನು ಮುಂಜಾನಿ ಎರಡು ಸೇದಿ ಬಂದೀನ್ರಿ" ಎಂದ. ಯಾರೂ ಛೆ ಎನ್ನಲಿಲ್ಲ. "ಎಲ್ಲಿ ಸೇದಿದಿ?" ಎಂದು ಈರಣ್ಣ ಕೇಳಿದ. ಗದ್ದೆಯಲ್ಲಿ ನೀರು ಎಲ್ಲಿ ಒಡೆಯಿತು ಎಂದು ಕೇಳುವ ಧ್ವನಿಯಲ್ಲಿ.

ಅಂದಿನಿಂದ ಗುರುವಾರ ಬೆಂಚಿನ ದಿನವಾಯಿತು. ನಾವು ಮಾಡಿಕೊಂಡ ಕಟ್ಟಳೆ ಇಷ್ಟೇ: ಆ ವಾರ ಸೇದಿದವನು ಮೊದಲು ಮಾತಾಡಬೇಕು, ಬಿಟ್ಟವನಿಗೆ ಹಾರವಿಲ್ಲ, ಚಪ್ಪಾಳೆಯಿಲ್ಲ. ಮತ್ತು ಯಾಕೆ ಸೇದಿದೆ ಎಂದು ಯಾರೂ ಕೇಳಬಾರದು. ಎಲ್ಲಿ, ಯಾರ ಜೊತೆ, ಅದಕ್ಕಿಂತ ಮೊದಲು ಏನಾಯಿತು ಎಂದು ಕೇಳಬೇಕು. ಯಾಕೆ ಎಂದರೆ ಮನುಷ್ಯ ತಲೆ ತಗ್ಗಿಸುತ್ತಾನೆ. ಎಲ್ಲಿ ಎಂದರೆ ತಾನು ಜಾರಿದ ಜಾಗವನ್ನು ತಾನೇ ನೋಡುತ್ತಾನೆ. ಇದನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಹೊಸದಾಗಿ ಬಂದಿದ್ದ ವೈದ್ಯಾಧಿಕಾರಿ ಒಪ್ಪಲಿಲ್ಲ. "ಇನ್ನೂ ಸೇದುತ್ತಿರುವವರನ್ನು ಬಿಟ್ಟವರ ಜೊತೆ ಕೂರಿಸಿದರೆ ಬಿಟ್ಟವರೂ ಕೆಡುತ್ತಾರೆ" ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಒಬ್ಬ ಸೇದಿದ ಕತೆ ಕೇಳಿ ಇನ್ನೊಬ್ಬನ ಬಾಯಲ್ಲಿ ನೀರೂರಿದ್ದನ್ನು ನಾನೇ ಕಂಡಿದ್ದೇನೆ. ಆದರೂ ಬೆಂಚು ಮುಂದುವರಿಯಿತು. ಮರದ ಕೆಳಗೆ ಕೂರುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆಚಾರ್ಯರೂ ತಿಪ್ಪಣ್ಣನೂ ಜೋಡಿಯಾದರು. ಬಯಕೆ ಎದ್ದರೆ ಹಚ್ಚುವ ಮೊದಲು ಫೋನ್ ಮಾಡಬೇಕೆಂದು ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡರು. ಅಷ್ಟೊತ್ತು ಏನು ಮಾತಾಡುತ್ತೀರಿ ಎಂದು ಒಮ್ಮೆ ತಿಪ್ಪಣ್ಣನನ್ನು ಕೇಳಿದೆ.

"ಏನಿಲ್ರಿ. ಆಚಾರ್ರು ಅಕ್ಕಿ ಆರಿಸ್ತಿರ್ತಾರ. ಹಳ್ಳು ಸಿಕ್ರ ಸಿಕ್ತು ಅಂತಾರ, ಇಲ್ಲಾಂದ್ರ ಸುಮ್ಮನಿರ್ತಾರ. ನಾ ಕೇಳ್ಕೊಂತ ಕುಂದರ್ತೀನಿ. ಹಂಗ ಹೊತ್ತು ಹೊಕ್ಕೈತಿ."

ನನ್ನ ತರಬೇತಿಯ ಯಾವ ಪಾಠದಲ್ಲೂ ಇದಿರಲಿಲ್ಲ. ತಿಪ್ಪಣ್ಣ ಬಿಟ್ಟ, ಜಾರಿದ, ಬಂದು ಹೇಳಿದ, ಮತ್ತೆ ಬಿಟ್ಟ. ನಿಧಾನಕ್ಕೆ ಜಾರುವುದು ಕಡಿಮೆಯಾಯಿತು, ಕೊನೆಗೆ ನಿಂತೇ ಹೋಯಿತು. ಬಲಪಾದ ಬೆಚ್ಚಗಿತ್ತು. ಈರಣ್ಣನೂ ಬಿಟ್ಟ. ಆಚಾರ್ಯರಂತೂ ಬಂಡೆಯ ಕಡೆಗೆ ಹೋಗುವುದನ್ನೇ ನಿಲ್ಲಿಸಿದರು. ಅಷ್ಟು ಕಾಲ ನಮ್ಮ ಬೆಂಚು ಚೆನ್ನಾಗಿತ್ತು.

ಮರುವರ್ಷ ಆಚಾರ್ಯರಿಗೆ ಕೆಮ್ಮಿನಲ್ಲಿ ರಕ್ತ ಬಂತು. ಬಳ್ಳಾರಿ, ಹುಬ್ಬಳ್ಳಿ ಎಂದು ಓಡಾಡಿದರು. ಶ್ವಾಸಕೋಶದ ಕ್ಯಾನ್ಸರ್, ಆಗಲೇ ದೂರ ಹಬ್ಬಿತ್ತು. ಅವರೇ ಬಂದು ಬೆಂಚಿನ ಮೇಲೆ ಕುಳಿತು, ಮಳೆ ಬಂತು ಎನ್ನುವಷ್ಟು ಶಾಂತವಾಗಿ ಹೇಳಿದರು.

ಈರಣ್ಣ ಎದ್ದು ನಿಂತ. "ಅಲ್ರೀ ಅಕ್ಕೋರ, ಇವ್ರು ಬಿಟ್ಟು ವರ್ಷಾತು. ಬಿಟ್ಟವ್ರಿಗೂ ಬಂತಂದ್ರ ನಾವ್ ಯಾಕ ಬಿಡಬೇಕ್ರಿ? ಏನ್ ಸಿಕ್ತು ನಮಗ?"

ಬಿಟ್ಟ ಮೇಲೆ ಅಪಾಯ ಇಳಿಯುತ್ತದೆ, ಆದರೆ ಅದಕ್ಕೆ ವರ್ಷಗಟ್ಟಲೆ ಬೇಕು, ಕೆಲವರಿಗೆ ರೋಗ ಅದಕ್ಕೂ ಮುಂಚೆಯೇ ಒಳಗೆ ಬೇರು ಬಿಟ್ಟಿರುತ್ತದೆ ಎಂದು ನಾನು ಹೇಳತೊಡಗಿದೆ. ಹೇಳಿದ್ದೆಲ್ಲ ನಿಜ. ಆಚಾರ್ಯರ ಮುಂದೆ ಆ ನಿಜ ನನಗೇ ರುಚಿಸಲಿಲ್ಲ. ಈರಣ್ಣ ಪೂರ್ತಿ ಕೇಳದೆ ಗೇಟಿನ ಕಡೆ ನಡೆದ. ಚಹಾದಂಗಡಿಯಲ್ಲಿ ಹಚ್ಚಿದ್ದು ನಮಗೆಲ್ಲ ಕಾಣುತ್ತಿತ್ತು. ಬಹಳ ದಿನ ಅವನು ಬೆಂಚಿಗೆ ಬರಲಿಲ್ಲ.

ತಿಪ್ಪಣ್ಣ ಮಾತ್ರ ಬಸ್ಸು ಹತ್ತಿ, ಇಳಿದು, ಊರುಗೋಲು ಊರುತ್ತಾ ಕಡ್ಡಿರಾಂಪುರಕ್ಕೆ ಹೋಗಿ ಬರುತ್ತಿದ್ದ. ಆಚಾರ್ಯರ ಹೆಂಡತಿ ಪದ್ಮಾವತಿಯಮ್ಮ ಮೊದಮೊದಲು ಅವನನ್ನು ಹೊರಗಿನ ಪಡಸಾಲೆಯಲ್ಲೇ ಕೂರಿಸುತ್ತಿದ್ದರಂತೆ. ಆಚಾರ್ಯರಿಗೆ ಏಳಲು ಆಗದಾದ ಮೇಲೆ ಒಳಗೆ ಕರೆದು, ಮಂಚದ ಪಕ್ಕ ಮಣೆ ಹಾಕಿದರಂತೆ.

ಒಂದು ಮಧ್ಯಾಹ್ನ ತಿಪ್ಪಣ್ಣ ಅಲ್ಲಿಂದಲೇ ನನಗೆ ಫೋನ್ ಮಾಡಿದ.

"ಅಕ್ಕೋರ, ಆಚಾರ್ರು ಒಂದ ಸಿಗರೇಟ್ ಕೊಡು ಅನ್ನಾಕತ್ಯಾರ. ಮೂರ ದಿನದಿಂದ ಕೇಳ್ತಾರ್ರಿ. ಹೊತ್ತು ತುಂಬೇತಿ ಅಂತ ಅವ್ರಿಗೂ ಗೊತ್ತೈತಿ. ಏನ್ ಮಾಡ್ಲಿ?"

ನನಗೆ ತೋಚಿದ್ದನ್ನು ಹೇಳಿದೆ. "ಅವರಿಗೆ ಇನ್ನು ಇದರಿಂದ ಕೆಡುವಂಥದ್ದು ಏನೂ ಉಳಿದಿಲ್ಲ. ಪದ್ಮಾವತಿಯಮ್ಮ ಒಪ್ಪಿದರೆ ಕೊಡಲಿ. ಆದರೆ ನೀನು ಹಚ್ಚಬೇಡ ತಿಪ್ಪಣ್ಣ. ನೀನು ಹೊರಗೆ ಬಂದುಬಿಡು."

"ಆತ್ರಿ" ಎಂದ.

ಆ ಮನೆಯಲ್ಲಿ ಹಚ್ಚುವವರು ಬೇರೆ ಯಾರಿದ್ದರು? ಪದ್ಮಾವತಿಯಮ್ಮ ಒಪ್ಪಿದರು, ಕೈಯಿಂದ ಮುಟ್ಟಲಾರೆ ಎಂದು ದೇವರ ಮನೆಗೆ ಹೋಗಿ ಕುಳಿತರು. ಆಚಾರ್ಯರಿಗೆ ಎಳೆದು ಹೊತ್ತಿಸುವಷ್ಟು ಉಸಿರಿರಲಿಲ್ಲ. ತಿಪ್ಪಣ್ಣ ತನ್ನ ಬಾಯಲ್ಲಿಟ್ಟು ಹೊತ್ತಿಸಿ ಅವರ ತುಟಿಗೆ ಹಿಡಿದ. ಅವರು ಒಂದು ಸಲ ಎಳೆದು, ಕೆಮ್ಮಿ, ಸಾಕು ಎಂದು ಕೈ ಆಡಿಸಿದರು. ಉಳಿದದ್ದನ್ನು ಹಿಡಿದು ತಿಪ್ಪಣ್ಣ ಹಿತ್ತಲಿಗೆ ಹೋದ, ಅಲ್ಲಿ ತಾನೇ ಸೇದಿ ಮುಗಿಸಿದ. ಬಿಸಾಡಲೆಂದೇ ಹೋದೆ ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ನಾನು ನಂಬಿದೆ, ಈಗಲೂ ನಂಬುತ್ತೇನೆ.

ಆಚಾರ್ಯರು ಆ ವಾರವೇ ತೀರಿಕೊಂಡರು. ಅನಂತರದ ಗುರುವಾರ ತಿಪ್ಪಣ್ಣ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಫೋನ್ ಎತ್ತಲಿಲ್ಲ. ಅಂದು, ಆಚಾರ್ಯರ ಸಾವಿನ ಸುದ್ದಿ ಕೇಳಿ ಈರಣ್ಣ ಮೆಟ್ರಿಯಿಂದ ಬಂದಿದ್ದ. ಇನ್ನೂ ಸೇದುತ್ತಿದ್ದರೂ ಬಂದು ಬೆಂಚಿನ ತುದಿಯಲ್ಲಿ ಕುಳಿತಿದ್ದ. ಹೊಸಬರು ಇಬ್ಬರು ಮೂವರಿದ್ದರು. ಅಷ್ಟರಲ್ಲಿ ಗೇಟಿನಿಂದ ಹುಲಿಗೆಮ್ಮ ಬಂದಳು. ಇಷ್ಟು ವರ್ಷ ಅವಳು ಮರದ ಹತ್ತಿರ ಬಂದವಳೇ ಅಲ್ಲ. ಕೂರಲಿಲ್ಲ, ನಿಂತೇ ಮಾತಾಡಿದಳು.

"ಆ ಅಯ್ನೋರು ಸತ್ತ ದಿನದಿಂದ ಬೀಡಿ ಕಟ್ಟು ಹಿಡ್ಕೊಂಡು ಕುಂತಾನ. ಹಗಲಿ ರಾತ್ರಿ. ಹೋಗು ಅಂದ್ರ, ಆಚಾರ್ರಿಗೆ ಕೊಟ್ಟ ಮಾತು ಕೆಡಿಸಿದೆ, ಯಾವ ಮಾರೀಲೆ ಹೋಗ್ಲಿ ಅಂತಾನ. ನೀವು ಇಲ್ಲಿ ಕುಂತು ಸೇದಿದ್ರೂ ಬಾ, ಬಿಟ್ರೂ ಬಾ ಅಂತೀರಿ. ಚೊಲೊ ಮಾತು. ಆದ್ರ ಕಾಲು ಹೋದ್ರ ಹೊರಾಕಿ ನಾನು. ಒಂದು ಕಾಲು ಹೋದಾಗ ಅವನನ್ನ ಸಂಡಾಸಿಗೆ ಎತ್ಕೊಂಡು ಹೋದಾಕಿ ನಾನು. ಇನ್ನೊಂದು ಕಾಲಿನ ಬೆಳ್ಳು ನೀಲಿ ಆಗೇತ್ರಿ. ನಾ ನೋಡೀನಿ. ಅವಗ ಹೇಳಿಲ್ಲ."

ನಮ್ಮ ಬೆಂಚಿಗೆ ಬರುವವರನ್ನು ನಾವು ಕಾಯುತ್ತಿದ್ದೆವು. ಬಾರದವನ ಮನೆಯಲ್ಲಿ ಏನು ನಡೆಯುತ್ತದೆ ಎಂದು ನೋಡಲು ನಮ್ಮಲ್ಲಿ ಒಬ್ಬರೂ ಹೋಗಿರಲಿಲ್ಲ.

ಎದ್ದವನು ಈರಣ್ಣ. ಜೇಬಿನಲ್ಲಿದ್ದ ಬೀಡಿ ಕಟ್ಟನ್ನು ತೆಗೆದು ಬೆಂಚಿನ ಮೇಲಿಟ್ಟ. "ನಡೀಬೇ, ಮನಿಗೆ ಹೋಗೂನು. ಏಳ್ರಿ ಅಕ್ಕೋರ."

ಎರಡು ಆಟೋ ಮಾಡಿಕೊಂಡು ಪಾಪಿನಾಯಕನಹಳ್ಳಿಗೆ ಹೋದೆವು. ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಸಂದಿಯಿಂದ ಬೀಡಿಯ ವಾಸನೆ ಬರುತ್ತಿತ್ತು. ಹುಲಿಗೆಮ್ಮ ಕರೆದಳು, ನಾನು ಕರೆದೆ. ಒಳಗೆ ಕೆಮ್ಮಿದ ಸದ್ದಷ್ಟೇ.

ಈರಣ್ಣ ಕಟ್ಟೆಯ ಮೇಲೆ ಕುಳಿತು ಬಾಗಿಲಿಗೆ ಬೆನ್ನು ಕೊಟ್ಟ. "ಲೇ ತಿಪ್ಪಾ, ನಾ ಈರಣ್ಣ. ನಾನೂ ಸೇದಿ ಬಂದೀನಿ ಇವತ್ತು. ಆಚಾರ್ರು ಬಿಟ್ಟೂ ಸತ್ರಂತ ಸಿಟ್ಟಿಲೆ ಸೇದಾಕತ್ತೀನಿ. ಬಾಗಿಲ ತಗಿ. ಮಾರಿ ತೋರ್ಸಾಕ ನಾಚಿಕಿ ಆದ್ರ ತೋರ್ಸಬ್ಯಾಡ, ಆ ಕಡಿ ತಿರುಗಿ ಕುಂದ್ರು. ನಾವೂ ಈ ಕಡಿ ತಿರುಗಿ ಕುಂದರ್ತೀವಿ."

ಬಿಸಿಲು ಕಟ್ಟೆಯಿಂದ ಇಳಿಯುವವರೆಗೂ ಕುಳಿತೆವು. ಯಾರೂ ಉಪದೇಶ ಹೇಳಲಿಲ್ಲ. ಭತ್ತಕ್ಕೆ ಬಿದ್ದ ರೋಗ, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಅಂಥ ಮಾತುಗಳನ್ನೇ ಆಡಿದೆವು. ಕೊನೆಗೆ ಚಿಲಕ ಸರಿದ ಸದ್ದು ಕೇಳಿತು. ತಿಪ್ಪಣ್ಣ ನೆಲದ ಮೇಲೆ ತೆವಳಿಕೊಂಡೇ ಬಾಗಿಲಿಗೆ ಬಂದಿದ್ದ. ಗಡ್ಡ ಬೆಳೆದಿತ್ತು. ನಮ್ಮ ಮುಖ ನೋಡಲಿಲ್ಲ. ಬಲಗಾಲನ್ನು ಹೊಸ್ತಿಲಿನಾಚೆ ಚಾಚಿ, "ನೋಡ್ರಿ ಅಕ್ಕೋರ, ತಣ್ಣಗ ಆಗೇತಿ" ಎಂದ.

ಮುಟ್ಟಿ ನೋಡಿದೆ. ಹೆಬ್ಬೆರಳು, ಅದರ ಪಕ್ಕದ್ದು ಎರಡೂ ತಣ್ಣಗಿದ್ದವು. ಅಲ್ಲಿಂದ ಮೇಲೆ ಪಾದ ಬೆಚ್ಚಗಿತ್ತು.

ಅದೇ ಆಟೋದಲ್ಲಿ ಆಸ್ಪತ್ರೆಗೆ ಕರೆತಂದೆವು. ಆ ಎರಡು ಬೆರಳು ಉಳಿಯಲಿಲ್ಲ. ಪಾದ ಉಳಿಯಿತು. ನಾನು ನಿವೃತ್ತಳಾಗುವವರೆಗೂ ಉಳಿದಿತ್ತು, ಈಗಲೂ ಉಳಿದಿದೆ. ಅದಾದ ಮೇಲೂ ಅವನು ಒಂದೆರಡು ಸಲ ಜಾರಿದ್ದಾನೆ. ಹಾಗೆ ಜಾರಿದಾಗಲೆಲ್ಲ ಗುರುವಾರ ಬೆಂಚಿನ ಹತ್ತಿರ ಮೊದಲು ಬರುವವಳು ಹುಲಿಗೆಮ್ಮ. ಬಂದು ಗಂಡಸರ ನಡುವೆ ಜಾಗ ಮಾಡಿಕೊಂಡು ಕುಳಿತು, "ಇವ ಸೋಮವಾರ ಸೇದ್ಯಾನ. ಎಲ್ಲಿ ಅಂತ ಅವನ ಹೇಳ್ತಾನ, ಕೇಳ್ರಿ" ಎನ್ನುತ್ತಾಳೆ. ಹಿಂದಿನಿಂದ ಊರುಗೋಲಿನ ಸದ್ದು ಬರುವವರೆಗೂ ಎಲ್ಲರೂ ಕಾಯುತ್ತಾರೆ.